ಆಪರೇಷನ್ ಆಗಿ ಐದು ವಾರ, ಒಳಉಡುಪಿನಲ್ಲಿ ಇನ್ನೂ ಕಲೆ

ಪ್ರಶ್ನೆ: ನನಗೆ 46 ವರ್ಷ. ಗುದದ್ವಾರದ ಪಕ್ಕದಲ್ಲಿದ್ದ ಫಿಸ್ತುಲಾವನ್ನು (ಒಳಗಿನಿಂದ ಚರ್ಮದವರೆಗೆ ಕೀವು ಸೋರುವ ಸುರಂಗದಂಥ ದಾರಿ) ಸೀಳಿ ತೆರೆದು ಆಪರೇಷನ್ ಮಾಡಿ ಐದು ವಾರವಾಯಿತು. ನೋವು ಬಹುಪಾಲು ಹೋಗಿದೆ. ಆದರೆ ಒಳಉಡುಪಿನಲ್ಲಿ ದಿನವೂ ಕಲೆ. ಬೆಳಿಗ್ಗೆ ಶೌಚ ಮುಗಿಸಿ ಬಂದ ಸ್ವಲ್ಪ ಹೊತ್ತಿಗೇ ಮತ್ತೆ ಒದ್ದೆ. ದಿನಕ್ಕೆ ಏಳೆಂಟು ಸಲ ಸೋಪು ಹಾಕಿ ತೊಳೆಯುತ್ತೇನೆ, ನೀರಿಗೆ ಆಂಟಿಸೆಪ್ಟಿಕ್ ಬೆರೆಸುತ್ತೇನೆ. ಈಗ ಉರಿ, ತುರಿಕೆಯೂ ಶುರುವಾಗಿದೆ. ಹೊರಗೆ ಹೋಗುವ ದಿನ ಊಟ ಬಿಡುತ್ತೇನೆ. ಮಲ ಗಟ್ಟಿಯಾಗದಿರಲೆಂದು ಕೊಟ್ಟ ಲ್ಯಾಕ್ಟುಲೋಸ್ ಸಿರಪ್ ಇನ್ನೂ ಕುಡಿಯುತ್ತಿದ್ದೇನೆ. ಜೀವನಪೂರ್ತಿ ಹೀಗೇನಾ? ಸರ್ಜನ್ ಎದುರು ಹೇಳಲು ನಾಚಿಕೆ.
– ಹೆಸರು ಬೇಡ

ಉತ್ತರ: ಮೊದಲು ಸೋಪು ಕೆಳಗಿಡಿ. ಆಂಟಿಸೆಪ್ಟಿಕ್ ಬಾಟಲಿಗೂ ಮುಚ್ಚಳ ಹಾಕಿ. ನಿಮ್ಮ ಉರಿಗೆ ಸೋರಿಕೆ ಎಷ್ಟು ಕಾರಣವೋ ಈ ಉಜ್ಜಾಟವೂ ಅಷ್ಟೇ ಕಾರಣವಿರಬಹುದು. ಅಲ್ಲಿನ ಚರ್ಮ ತೆಳು. ಸೋಪು ಅದರ ಎಣ್ಣೆಯಂಶವನ್ನು ತೆಗೆದುಬಿಡುತ್ತದೆ, ಆಮೇಲೆ ಬರೀ ತೇವ ತಾಗಿದರೂ ಉರಿಯುತ್ತದೆ.

ಇನ್ನು ಕಲೆಯ ವಿಷಯ. ಬಿಳಿ ಗಾಜ್ ಬಟ್ಟೆಯ ತುಂಡೊಂದನ್ನು ಮಡಿಸಿ ಪೃಷ್ಠಗಳ ನಡುವೆ ಇಟ್ಟುಕೊಳ್ಳಿ, ಒಂದೆರಡು ಗಂಟೆಯ ನಂತರ ತೆಗೆದು ನೋಡಿ. ತಿಳಿಹಳದಿ ಅಥವಾ ನಸುಗೆಂಪು ನೀರಾಗಿದ್ದರೆ ಅದು ಗಾಯದ ರಸ. ಈ ಬಗೆಯ ಆಪರೇಷನ್‌ನಲ್ಲಿ ಗಾಯವನ್ನು ಸಾಮಾನ್ಯವಾಗಿ ಹೊಲಿಯುವುದಿಲ್ಲ, ತಳದಿಂದ ತುಂಬಿಕೊಂಡು ಬರಲೆಂದು ತೆರೆದೇ ಬಿಡುತ್ತೇವೆ. ಹಾಗೆ ತುಂಬಲು 6ರಿಂದ 12 ವಾರ ಹಿಡಿಯುವುದುಂಟು, ಅಲ್ಲಿಯವರೆಗೆ ರಸ ಬರುತ್ತಲೇ ಇರುತ್ತದೆ. (ಫಿಸ್ತುಲಾದ ಮೂಲಕ ಹಾಯಿಸಿ ಕಟ್ಟುವ ಸೀಟನ್ ದಾರ ಹಾಕಿಸಿಕೊಂಡವರಿಗೂ ಇದೇ ಮಾತು: ದಾರ ಇರುವುದೇ ಕೀವು ಒಳಗೆ ನಿಲ್ಲದೆ ಹೊರಗೆ ಬರಲೆಂದು.) ಗಾಜ್ ಮೇಲೆ ಕಂದು ಬಣ್ಣ, ಮಲದ ವಾಸನೆ ಇದ್ದರೆ ಮಾತ್ರ ಅದು ಮಲ.

ಶೌಚ ಮುಗಿಸಿದ ಸ್ವಲ್ಪ ಹೊತ್ತಿಗೇ ಒದ್ದೆ ಎಂದು ಬರೆದಿದ್ದೀರಿ. ಈ ದೂರು ನನ್ನ ಹೊರರೋಗಿ ಕೋಣೆಯಲ್ಲಿ ಹಳೆಯದು. ಗುದದ್ವಾರವನ್ನು ಬಿಗಿಹಿಡಿಯುವ ಸ್ನಾಯು ಎರಡು ಪದರದ್ದು. ಒಳಗಿನದು ನಮ್ಮ ಗಮನಕ್ಕೇ ಬಾರದೆ ಹಗಲಿರುಳು ಮುಚ್ಚಿರುತ್ತದೆ. ಹೊರಗಿನದನ್ನು ನಾವು ಬೇಕೆಂದಾಗ ಬಿಗಿಯುತ್ತೇವೆ. ಫಿಸ್ತುಲಾ ಸೀಳುವಾಗ ಒಳಸ್ನಾಯುವಿನ ಸ್ವಲ್ಪ ಭಾಗ ಕತ್ತರಿಸಬೇಕಾಗುತ್ತದೆ, ಅಲ್ಲೊಂದು ಸಣ್ಣ ತಗ್ಗು ಉಳಿಯಬಹುದು. ವಾಷರಿನ ಅಂಚಿನಲ್ಲಿ ಗೀರು ಬಿದ್ದರೆ ಎಷ್ಟು ತಿರುಗಿಸಿದರೂ ನಲ್ಲಿ ತೊಟ್ಟಿಕ್ಕುವುದಿಲ್ಲವೇ, ಹಾಗೆ. ಆ ತಗ್ಗಿನಲ್ಲಿ ಉಳಿದ ಮಲದ ಚೂರು ನೀವು ಎದ್ದು ಓಡಾಡಿದಾಗ ಹೊರಗೆ ಬರುತ್ತದೆ.

ಹಾಗಾಗಿ ಶೌಚವಾದ ಕೂಡಲೇ ಏಳಬೇಡಿ. ತಿಣುಕದೆ, ಮುಂದಕ್ಕೆ ಬಾಗಿ ಒಂದೆರಡು ನಿಮಿಷ ಕುಳಿತಿರಿ. ಎರಡು ಮೂರು ಸಲ ಬಿಗಿದು ಸಡಿಲಿಸಿ, ಆಮೇಲೆ ಉಗುರುಬೆಚ್ಚಗಿನ ಬರೀ ನೀರಿನಿಂದ ತೊಳೆಯಿರಿ. ಅಗಲ ಟಬ್ಬಿನ ಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ಕೂರಲು ಹೇಳಿರುತ್ತಾರಲ್ಲ, ಅದಕ್ಕೂ ಇದೇ ಒಳ್ಳೆಯ ಹೊತ್ತು. ನೀರಿಗೆ ಏನನ್ನೂ ಬೆರೆಸಬೇಕಿಲ್ಲ. ಒರೆಸಬೇಡಿ, ಮೆತ್ತನೆ ಬಟ್ಟೆಯಿಂದ ಒತ್ತಿ ತೇವ ತೆಗೆಯಿರಿ. ಸುವಾಸನೆಯ ವೆಟ್ ವೈಪ್ಸ್ ಬೇಡವೇ ಬೇಡ, ಅದರಲ್ಲಿರುವ ಸಂರಕ್ಷಕಗಳು ಹಲವರಿಗೆ ಅಲರ್ಜಿ ತರುತ್ತವೆ. ಚರ್ಮ ಒಣಗಿದ ಮೇಲೆ ಜಿಂಕ್ ಆಕ್ಸೈಡ್ ಇರುವ ಮುಲಾಮನ್ನು ಗಾಯದ ಒಳಗೆ ಹೋಗದಂತೆ ಸುತ್ತಲ ಚರ್ಮಕ್ಕೆ ಮಾತ್ರ ತೆಳ್ಳಗೆ ಹಚ್ಚಿ. ದಪ್ಪ ಪ್ಯಾಡ್‌ಗಿಂತ ಮಡಿಸಿದ ಗಾಜ್ ವಾಸಿ. ಪ್ಲಾಸ್ಟಿಕ್ ತಳದ ಪ್ಯಾಡ್ ಬಟ್ಟೆಯನ್ನು ಉಳಿಸುತ್ತದೆ, ಬೆವರಿನಲ್ಲಿ ಚರ್ಮವನ್ನು ಬೇಯಿಸುತ್ತದೆ. ಒದ್ದೆಯಾದ ಕೂಡಲೇ ಗಾಜ್ ಬದಲಾಯಿಸಿ. ಇಷ್ಟಾದರೆ ದಿನಕ್ಕೆ ಏಳೆಂಟು ಸಲ ತೊಳೆಯುವ ಅಗತ್ಯವೇ ಬೀಳುವುದಿಲ್ಲ.

ಆದರೆ ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ಸಿರಪ್ ಮೇಲೆ. ಮೊದಲ ವಾರಗಳಲ್ಲಿ ಅದು ಸರಿಯೇ. ಐದನೇ ವಾರದಲ್ಲೂ ಮಲ ತೆಳ್ಳಗಿದ್ದರೆ ಗಾಯಗೊಂಡ ಸ್ನಾಯು ಹಿಡಿಯಬೇಕಾದದ್ದು ನೀರನ್ನು! ಆರೋಗ್ಯವಂತರಿಗೂ ಅದು ಕಷ್ಟ. ಮಲ ಮೆತ್ತಗೆ, ಉದ್ದಕ್ಕೆ, ಒಂದೇ ರೂಪದಲ್ಲಿ ಬರುವುದು ನಮ್ಮ ಗುರಿ. ತೆಳ್ಳಗಿದ್ದರೆ ನಿಮ್ಮ ಸರ್ಜನ್‌ಗೆ ಫೋನ್ ಮಾಡಿ ಸಿರಪ್ ಇಳಿಸಬಹುದೇ, ಇಸಬಗೋಲ್ ಶುರು ಮಾಡಬಹುದೇ ಎಂದು ಕೇಳಿ. ಇಸಬಗೋಲ್ ನೀರು ಹೀರಿ ಮಲಕ್ಕೆ ಮೈ ಕೊಡುತ್ತದೆ. ಮಲಬದ್ಧತೆಗೆ ಕೊಡುವ ಅದೇ ಪುಡಿ ಇಲ್ಲಿಯೂ ನೆರವಿಗೆ ಬರುತ್ತದೆ. ಕಾಫಿ, ಮದ್ಯ, ಸಕ್ಕರೆರಹಿತ ಮಿಠಾಯಿಯಲ್ಲಿರುವ ಸಾರ್ಬಿಟಾಲ್ ಮಲವನ್ನು ಸಡಿಲಿಸಬಹುದು, ಕೆಲವು ದಿನ ಬಿಟ್ಟು ನೋಡಿ. ಊಟ ಬಿಡುವುದು ಮಾತ್ರ ನಿಲ್ಲಿಸಿ. ಹೊತ್ತಿಗೆ ಸರಿಯಾಗಿ ಉಂಡರೆ ಶೌಚವೂ ಹೊತ್ತಿಗೆ ಆಗುತ್ತದೆ, ಗಾಯ ಮಾಯಲೂ ಆಹಾರ ಬೇಕು. ಭೇದಿ ನಿಲ್ಲಿಸುವ ಲೋಪೆರಮೈಡ್ ಮಾತ್ರೆಯನ್ನು ನೀವೇ ತಂದು ನುಂಗಬೇಡಿ. ಒಳಗೆ ಗಟ್ಟಿ ಮಲ ಸಿಕ್ಕಿಕೊಂಡು ಅದರ ಪಕ್ಕದಿಂದ ನೀರು ಜಿನುಗುವವರೂ ಇದ್ದಾರೆ, ಅವರಿಗೆ ಅದು ಕೇಡು.

ಗಾಯ ಸಾಕಷ್ಟು ಮಾಗಿದೆ ಎಂದು ಸರ್ಜನ್ ಹೇಳಿದ ಮೇಲೆ ವ್ಯಾಯಾಮ: ಗ್ಯಾಸ್ ತಡೆಹಿಡಿಯುವಂತೆ ಬಿಗಿದು ಐದು ಸೆಕೆಂಡ್ ನಿಲ್ಲಿಸಿ ಬಿಡುವುದು, ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಹೊಟ್ಟೆ, ತೊಡೆ ಬಿಗಿಯಬಾರದು. ಫಲ ಕಾಣಲು ಕೆಲವು ತಿಂಗಳೇ ಬೇಕು.

ಜೀವನಪೂರ್ತಿಯೇ ಎಂದಿರಿ. ಗಾಯ ಮಾಯುತ್ತಿದ್ದಂತೆ ಬಹಳಷ್ಟು ಜನರಲ್ಲಿ ಇದು ಕಡಿಮೆಯಾಗುತ್ತದೆ. ಪೂರ್ತಿ ಮಾಗಿದ ಮೇಲೂ ಮಲವೇ ಸೋರುತ್ತಿದ್ದರೆ ಗುದದ್ವಾರದ ಅಲ್ಟ್ರಾಸೌಂಡ್, ಒತ್ತಡ ಅಳೆಯುವ ಮ್ಯಾನೋಮೆಟ್ರಿ, ಸ್ನಾಯುವಿನ ಬಿಗಿತವನ್ನು ಪರದೆಯ ಮೇಲೆ ನೋಡುತ್ತಾ ಅಭ್ಯಾಸ ಮಾಡುವ ಬಯೋಫೀಡ್‌ಬ್ಯಾಕ್, ಸ್ನಾಯು ಹೊಲಿಯುವ ಶಸ್ತ್ರಚಿಕಿತ್ಸೆ ಎಲ್ಲವೂ ಇವೆ. ಜ್ವರ, ಏರುತ್ತಿರುವ ನೋವು ಅಥವಾ ಊತ, ದುರ್ವಾಸನೆಯ ಕೀವು, ಗಡ್ಡೆ ಗಡ್ಡೆಯಾಗಿ ರಕ್ತ, ಮೂತ್ರ ಕಟ್ಟುವುದು, ಗಟ್ಟಿ ಮಲವೂ ತಿಳಿಯದೆ ಹೋಗುವುದು ಇದ್ದರೆ ಅಂದೇ ಆಸ್ಪತ್ರೆಗೆ ಹೋಗಿ.

ನಾಚಿಕೆಗೆ ಒಂದು ಉಪಾಯ: ನನಗೆ ಬರೆದ ಇದೇ ಪತ್ರದ ಪ್ರತಿಯನ್ನು ಸರ್ಜನ್ ಕೈಗೆ ಕೊಡಿ. ಬಾಯಿಬಿಡಬೇಕಿಲ್ಲ, ಅವರಿಗೆ ಬೇಕಾದದ್ದೆಲ್ಲ ಅದರಲ್ಲಿದೆ. ಬರುವಾಗ ಆಪರೇಷನ್ ನೋಟ್‌ನ ಪ್ರತಿಯನ್ನು ಕೇಳಿ ಪಡೆಯಿರಿ. ಎಷ್ಟು ಸ್ನಾಯು ಕತ್ತರಿಸಲಾಗಿದೆ ಎಂಬುದು ಅದರಲ್ಲಿರಬೇಕು. ಮುಂದೆ ಬೇರೆಯವರಿಗೆ ತೋರಿಸುವುದಾದರೆ ಅವರು ಮೊದಲು ಕೇಳುವುದು ಅದನ್ನೇ.