ಬಾಯಿ ಮುಚ್ಚದೆ ‘ಮಾಁ’ ಅನ್ನಿ: ಪಂಜಾಬಿ ಕಲಿಯುವವರ ಪ್ರಶ್ನೆಗಳು

ಹೋದ ಸಂಚಿಕೆಯಲ್ಲಿ ಪಂಜಾಬಿ ಬರೆಯುವ ಗುರುಮುಖಿ ಅಕ್ಷರಮಾಲೆಯ ಬಗ್ಗೆ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಜಾಸ್ತಿ ಜನ ಕೇಳಿರುವುದು ಒಂದೇ ವಿಷಯ, ಮೂಗಿನಿಂದ ಬರುವ ಸ್ವರ. ಹಾಗಾಗಿ ಈ ಸಲ ಪೂರ್ತಿ ಜಾಗ ಅದಕ್ಕೇ. ಶುರು ಮಾಡುವ ಮುಂಚೆ ಒಂದು ಮಾತು: ನಮ್ಮ ಮಾಮೂಲಿ ಸೊನ್ನೆ ಹಾಕಿ ಬರೆದರೆ ನೀವು ಕನ್ನಡದ ಹಾಗೆಯೇ ಓದಿಬಿಡುತ್ತೀರಿ. ಅದಕ್ಕೇ ಬರಿಯ ಮೂಗಿನ ಸ್ವರ ಬಂದ ಕಡೆಯೆಲ್ಲ ಅರ್ಧಚಂದ್ರದೊಳಗೆ ಚುಕ್ಕಿ ಇರುವ ಁ ಗುರುತು ಹಾಕಿದ್ದೇನೆ.

ಪ್ರಶ್ನೆ: ನಾನು ಹಾಸನದವನು, ಕೆಲಸ ಲುಧಿಯಾನಾದಲ್ಲಿ. ನಾನು ‘ಮೈಂ’, ‘ನಹೀಂ’ ಅಂದರೆ ಜೊತೆಯವರು ನಗುತ್ತಾರೆ. ನನ್ನ ಕಿವಿಗೆ ನಾನು ಹೇಳಿದ್ದೂ ಅವರು ಹೇಳಿದ್ದೂ ಒಂದೇ. ತಪ್ಪು ಎಲ್ಲಿ?

ತುಟಿಯಲ್ಲಿ. ನಾಳೆ ಬೆಳಿಗ್ಗೆ ಕನ್ನಡಿ ಮುಂದೆ ನಿಂತು ‘ಮೈಂ’ ಅನ್ನಿ. ಕೊನೆಗೆ ತುಟಿ ಮುಚ್ಚಿತು ಅಲ್ವಾ? ಅಂದರೆ ನೀವು ಹೇಳಿದ್ದು ‘ಮೈಮ್’. ನಮಗೆ ಪದದ ಕೊನೆಯಲ್ಲಿ ಸೊನ್ನೆ ಕಂಡರೆ ಸಾಕು, ತುಟಿ ತಾನಾಗಿ ಮುಚ್ಚಿಕೊಳ್ಳುತ್ತದೆ. ‘ಅಂ ಅಃ’ ಕಲಿತಾಗಿನಿಂದ ಬಂದ ಅಭ್ಯಾಸ ಅದು. ಪಂಜಾಬಿಯಲ್ಲಿ ಅಲ್ಲಿ ‘ಮ್’ ಕೂಡ ಇಲ್ಲ, ‘ನ್’ ಕೂಡ ಇಲ್ಲ. ಇರುವುದು ಸ್ವರ ಮಾತ್ರ, ಅದರ ಗಾಳಿ ಅರ್ಧ ಬಾಯಿಂದ ಅರ್ಧ ಮೂಗಿನಿಂದ ಹೊರಗೆ ಬರುತ್ತದೆ.

ಹೊಸ ಸದ್ದು, ಹೇಗಪ್ಪಾ ಕಲಿಯುವುದು ಅಂತ ಹೆದರಬೇಡಿ. ಅದು ನಿಮ್ಮ ಬಾಯಲ್ಲಿ ಆಗಲೇ ಇದೆ. ಕಿವಿ ಸ್ವಲ್ಪ ಮಂದ ಇರುವ ಅಜ್ಜಿಯನ್ನು ಕೂಗಿದರೆ ‘ಆಁ? ಏನಂದೆ?’ ಎಂದು ಕೇಳುತ್ತಾರಲ್ಲ, ಆ ‘ಆಁ’ ಅಪ್ಪಟ ಮೂಗಿನ ಸ್ವರ, ಅದರಲ್ಲಿ ತುಟಿ ಮುಚ್ಚುವುದಿಲ್ಲ. ಇನ್ನೊಂದು ಸ್ವಲ್ಪ ಅನ್ನ ಹಾಕಲಾ ಅಂದರೆ ಬೇಡ ಅನ್ನುವುದಕ್ಕೆ ‘ಊಹೂಁ’ ಅನ್ನುತ್ತೀರಿ, ಅದೂ ಹಾಗೆಯೇ. ಆ ‘ಆಁ’ ಮುಂದೆ ಒಂದು ‘ಹ’ ಸೇರಿಸಿ, ಪಂಜಾಬಿಯ ‘ಹಾಁ’ ಆಯಿತು, ಅರ್ಥ ಹೌದು. ‘ಮ’ ಸೇರಿಸಿದರೆ ‘ಮಾಁ’, ಅಮ್ಮ.

ಸರಿಯಾಗಿ ಬರುತ್ತಿದೆಯೋ ಇಲ್ಲವೋ ಎಂದು ನೋಡಲು ಮೂಗು ಹಿಡಿಯಿರಿ. ಬರೀ ‘ಆ’ ಎಂದು ಎಳೆಯುತ್ತಾ ಎರಡು ಬೆರಳಲ್ಲಿ ಮೂಗು ಮುಚ್ಚಿ ಬಿಟ್ಟು ಮಾಡಿದರೆ ಸದ್ದು ಬದಲಾಗುವುದಿಲ್ಲ. ‘ಆಁ’ ಎಳೆಯುತ್ತಾ ಹಾಗೇ ಮಾಡಿದರೆ ಸದ್ದು ಕಟ್ಟಿಕೊಂಡು ಬಿಟ್ಟುಕೊಂಡು ಆಗುತ್ತದೆ. ಅಷ್ಟು ಆದರೆ ನೀವು ಪಾಸು. ಆಫೀಸಿನಲ್ಲಿ ಮಾಡಬೇಡಿ.

ನಾನು ಪಟಿಯಾಲಾದಲ್ಲಿ ಇದ್ದ ಮೊದಲ ವಾರ ಹಾಲಿನ ಅಂಗಡಿಗೆ ಹೋಗಿ ಹಸುವಿನ ಹಾಲು ಬೇಕು ಎಂದು ಕೇಳಿದೆ. ಹಸುವಿಗೆ ‘ಗಾಁ’. ನಾನು ಠೀವಿಯಿಂದ ‘ಗಾಮ್’ ಅಂದೆ. ಅಂಗಡಿಯವರು ಗ್ರಾಮ ಎಂದುಕೊಂಡು ‘ಯಾವ ಊರಿನದು ಬೇಕು?’ ಅಂತ ವಾಪಸ್ ಕೇಳಿದರು. ಇಬ್ಬರೂ ಸುಮಾರು ಹೊತ್ತು ಮುಖ ಮುಖ ನೋಡಿಕೊಂಡೆವು. ಕೊನೆಗೆ ಮನೆಗೆ ತಂದದ್ದು ಎಮ್ಮೆ ಹಾಲು.

ಪ್ರಶ್ನೆ: ನಾವು ಮೊಹಾಲಿಯಲ್ಲಿದ್ದೇವೆ. ಮಗಳು ಮೂರನೇ ಕ್ಲಾಸು, ಶಾಲೆಯಲ್ಲಿ ಪಂಜಾಬಿ ಇದೆ. ಒಮ್ಮೆ ಚುಕ್ಕಿ ಹಾಕಬೇಕಂತೆ, ಒಮ್ಮೆ ಕಮಾನು ಹಾಕಬೇಕಂತೆ. ನಮ್ಮ ಒಂದು ಸೊನ್ನೆಯ ಕೆಲಸಕ್ಕೆ ಇವರಿಗೆ ಎರಡು ಯಾಕೆ? ಹೇಳಿಕೊಡುವುದು ಹೇಗೆ?

ಪಂಜಾಬಿನ ಶಾಲೆಗಳಲ್ಲಿ 2008ರ ಕಾನೂನಿನಂತೆ ಹತ್ತನೇ ತರಗತಿವರೆಗೆ ಪಂಜಾಬಿ ಕಡ್ಡಾಯ. ಅಂದರೆ ಮಗಳ ಜೊತೆ ನಿಮ್ಮದೂ ಇನ್ನೂ ಏಳು ವರ್ಷ ಇದೆ, ಈಗಲೇ ಕಲಿತುಬಿಡಿ.

ಚುಕ್ಕಿಗೆ ‘ಬಿಂದಿ’, ಕಮಾನಿಗೆ ‘ಟಿಪ್ಪಿ’ ಅನ್ನುತ್ತಾರೆ. ಎರಡೂ ಕೂರುವುದು ತಲೆಗೆರೆಯ ಮೇಲೆ. ಸದ್ದಿನಲ್ಲಿ ಎರಡಕ್ಕೂ ವ್ಯತ್ಯಾಸ ಇಲ್ಲ, ಯಾವುದು ಬರುತ್ತದೆ ಅನ್ನುವುದನ್ನು ಪಕ್ಕದ ಸ್ವರ ತೀರ್ಮಾನಿಸುತ್ತದೆ. ಪಂಜಾಬಿಗೆ ಹತ್ತು ಸ್ವರ. ನಮ್ಮ ಹಾಗೆ ಎ-ಏ, ಒ-ಓ ಎಂದು ಗಿಡ್ಡ ಉದ್ದ ಎರಡೆರಡಿಲ್ಲ, ಉದ್ದದ್ದು ಮಾತ್ರ. ಆ ಹತ್ತರಲ್ಲಿ ಹ್ರಸ್ವ ಮೂರು: ಅ, ಇ, ಉ. ಈ ಮೂರಕ್ಕೂ ಟಿಪ್ಪಿ. ಆ, ಈ, ಏ, ಐ, ಓ, ಔ ಇವುಗಳಿಗೆ ಬಿಂದಿ. ಉಳಿದದ್ದು ಊ. ಅದು ದೀರ್ಘದ ಮನೆಯಲ್ಲಿ ಹುಟ್ಟಿ ಹ್ರಸ್ವದವರ ಮನೆಯಲ್ಲಿ ಊಟ ಮಾಡುವ ಹುಡುಗನ ಹಾಗೆ, ಅದಕ್ಕೂ ಟಿಪ್ಪಿ.

ಊ ಒಂದೇ ಮಕ್ಕಳಿಗೆ ಮರೆಯುವುದು. ಆದರೆ ಅದಕ್ಕೆ ಎರಡು ಪದ ಸಾಕು, ‘ತೂಁ’ ಅಂದರೆ ನೀನು, ‘ನೂಁ’ ಅಂದರೆ ನಮ್ಮ ‘ಗೆ’ ಅಥವಾ ‘ಅನ್ನು’ ಪ್ರತ್ಯಯ. ಇವೆರಡೂ ಬರದ ಪಂಜಾಬಿ ಪುಟವೇ ಸಿಗುವುದು ಕಷ್ಟ, ದಿನಾ ಬರೆದು ಬರೆದು ಕೈಗೆ ಹತ್ತುತ್ತದೆ.

ಇನ್ನೊಂದು ತಿರುವು ಇದೆ. ಉ, ಊ ವ್ಯಂಜನದ ಕಾಲಿಗೆ ಅಂಟಿಕೊಂಡಿದ್ದರೆ ಮಾತ್ರ ಟಿಪ್ಪಿ. ಅವೇ ಸ್ವತಂತ್ರವಾಗಿ, ‘ಊಡಾ’ ಎನ್ನುವ ಮೊದಲ ಅಕ್ಷರವನ್ನು ಹಿಡಿದುಕೊಂಡು ಬಂದರೆ ಬಿಂದಿ. ಅದಕ್ಕೇ ‘ಮುಂಡಾ’, ಅಂದರೆ ಹುಡುಗ, ಬರೆಯುವಾಗ ಟಿಪ್ಪಿ. ‘ಉಂಗಲ್’, ಅಂದರೆ ಬೆರಳು, ಬರೆಯುವಾಗ ಬಿಂದಿ. ಯಾಕೆ ಎಂದು ಕೇಳುವ ‘ಕಿಉಁ’ ಪದದಲ್ಲೂ ಬಿಂದಿ. ಮಗಳ ಪುಸ್ತಕದಲ್ಲಿ ಕೆಂಪು ಶಾಯಿ ಜಾಸ್ತಿ ಬೀಳುವುದು ಇಲ್ಲೇ ಇರಬೇಕು, ನೋಡಿ.

ಮೊಬೈಲಿನಲ್ಲಿ ಟೈಪ್ ಮಾಡುವಾಗಲೂ ಇದು ಸುಮ್ನೆ ಚಂದಕ್ಕಲ್ಲ. ಬಿಂದಿಗೂ ಟಿಪ್ಪಿಗೂ ಯೂನಿಕೋಡಿನಲ್ಲಿ ಬೇರೆ ಬೇರೆ ಸಂಕೇತ ಇದೆ, ‘ಮುಂಡಾ’ ಪದಕ್ಕೆ ಬಿಂದಿ ಹಾಕಿದರೆ ಫೋನಿನ ಲೆಕ್ಕದಲ್ಲಿ ಅದು ಬೇರೆಯೇ ಪದ.

ಪ್ರಶ್ನೆ: ಗುರುಮುಖಿಯಲ್ಲಿ ‘ಕನ್ನಡ’ ಎಂದು ಬರೆದಿದ್ದನ್ನು ನೋಡಿದೆ. ಒತ್ತಕ್ಷರ ಇಲ್ಲ, ‘ಕ’ ಮೇಲೆ ಟಿಪ್ಪಿ, ಆಮೇಲೆ ಒಂದೇ ‘ನ’. ಅದನ್ನು ‘ಕಂನಡ’ ಎಂದು ಓದಬೇಕಾ? ತಪ್ಪು ಮುದ್ರಣವಾ?

ತಪ್ಪಿಲ್ಲ, ಅದೇ ಸರಿ. ಗುರುಮುಖಿಯಲ್ಲಿ ವ್ಯಂಜನ ಇಮ್ಮಡಿಯಾದರೆ ಅದರ ಹಿಂದೆ ‘ಅದ್ಧಕ್’ ಎನ್ನುವ ಗುರುತು ಹಾಕುತ್ತಾರೆ. ಟಿಪ್ಪಿ ಬೋರಲು ಹಾಕಿದ ಬಟ್ಟಲು, ಅದ್ಧಕ್ ಅಂಗಾತ ಇಟ್ಟ ಬಟ್ಟಲು, ಹೀಗೆ ನೆನಪಿಡಿ. ಆದರೆ ಇಮ್ಮಡಿಯಾಗುವುದು ‘ನ’ ಅಥವಾ ‘ಮ’ ಆದರೆ ಅದ್ಧಕ್ ಬೇಡ, ಟಿಪ್ಪಿಯೇ ಸಾಕು. ಕಿವಿಗೆ ‘ಕನ್ನ್’, ಕೆಲಸಕ್ಕೆ ‘ಕಮ್ಮ್’. ಎರಡೂ ಟಿಪ್ಪಿಯಲ್ಲೇ. ಅಮೃತಸರದ ಹೆಸರನ್ನು ಕೂಡ ‘ಅ’ ಮೇಲೆ ಟಿಪ್ಪಿ ಇಟ್ಟು ‘ಅಂಮ್ರಿತ್‌ಸರ್’ ಎಂದು ಬರೆದು ‘ಅಮ್ಮ್ರಿತ್‌ಸರ್’ ಎಂದು ಓದುತ್ತಾರೆ.

ವಿಚಿತ್ರ ಅನ್ನಿಸಿದರೆ ನಮ್ಮ ಹಳೆಯ ಓಲೆಗರಿಗಳನ್ನೂ ಶಾಸನಗಳನ್ನೂ ನೋಡಿ. ‘ಕಂನಡ’, ‘ಬಸವಂಣ’, ‘ಚೆಂನ’ ಎಂದು ಸೊನ್ನೆ ಇಟ್ಟೇ ಬರೆದಿದ್ದಾರೆ. ಓದಿದ್ದು ಕನ್ನಡ, ಬಸವಣ್ಣ, ಚೆನ್ನ ಎಂದೇ. ನಾವು ಬಿಟ್ಟ ಅಭ್ಯಾಸ ಅವರಲ್ಲಿ ಶಾಲೆಯ ನಿಯಮವಾಗಿ ಇನ್ನೂ ಇದೆ.

ಪ್ರಶ್ನೆ: ಹಾಗಾದರೆ ಪದದ ಮಧ್ಯೆ ಬರುವ ಟಿಪ್ಪಿಯನ್ನೂ ಮೂಗಿನಲ್ಲೇ ಎಳೆಯಬೇಕಾ?

ಬೇಡ. ಅಲ್ಲಿ ನಮ್ಮ ಸೊನ್ನೆಯ ನಿಯಮವೇ ನಡೆಯುತ್ತದೆ, ಕನ್ನಡದವರಿಗೆ ಇದು ಬಿಟ್ಟಿ ಸಿಕ್ಕ ಪಾಠ. ಅಂಗಡಿಯ ಸೊನ್ನೆ ಬೇರೆ, ಗಂಟೆಯ ಸೊನ್ನೆ ಬೇರೆ, ಅಂಬಾರಿಯ ಸೊನ್ನೆ ಬೇರೆ, ಆದರೂ ನಾವು ಯೋಚಿಸದೆ ಓದುತ್ತೇವೆ. ಹಾಗೆಯೇ ಸಿಂಘ್, ಪಂಜ್ (ಐದು), ಪಿಂಡ್ (ಹಳ್ಳಿ), ದಂದ್ (ಹಲ್ಲು), ಅಂಬ್ (ಮಾವು) ಇವನ್ನು ಕನ್ನಡದ ನಾಲಿಗೆಯಲ್ಲೇ ಓದಿ.

ಎಚ್ಚರ ಬೇಕಾಗಿರುವುದು ಪದದ ಕೊನೆಯಲ್ಲಿ, ಮತ್ತೆ ಸ, ಹ, ವ ಮುಂದೆ. ನಾವು ‘ಹಂಸ’ ಪದವನ್ನು ‘ಹಮ್ಸ’ ಎಂದು ಓದುವವರು. ಅದೇ ಜೋರಿನಲ್ಲಿ ಬಿದಿರಿನ ‘ಬಾಁಸ್’ ಪದವನ್ನು ‘ಬಾಮ್ಸ್’ ಮಾಡಿದರೆ ಯಾರಿಗೂ ಅರ್ಥ ಆಗುವುದಿಲ್ಲ. ಮಳೆಗೆ ‘ಮೀಁಹ್’, ಬಾಯಿಗೆ ‘ಮೂಁಹ್’. ಇವುಗಳ ಕೊನೆಯ ‘ಹ’ ಬರಹದಲ್ಲಷ್ಟೇ ‘ಹ’, ಮಾತಿನಲ್ಲಿ ಅದು ದನಿಯ ಏರಿಳಿತವಾಗಿಬಿಡುತ್ತದೆ. ಆ ಏರಿಳಿತದ ಕಥೆ ದೊಡ್ಡದು, ಇನ್ನೊಂದು ಸಲ.

ಪ್ರಶ್ನೆ: ಪಂಜಾಬಿನ ಬೋರ್ಡುಗಳಲ್ಲಿ ಇಂಗ್ಲಿಷ್ ಅಕ್ಷರ ನೋಡಿಕೊಂಡೇ ಊರುಗಳ ಹೆಸರು ಹೇಳುತ್ತೇನೆ. ಅದರಿಂದ ಉಚ್ಚಾರ ಕೆಡುತ್ತದೆಯೇ?

ಖಂಡಿತ ಕೆಡುತ್ತದೆ. ಇಂಗ್ಲಿಷ್ ಬರಹದಲ್ಲಿ ಮೂಗಿನ ಸ್ವರಕ್ಕೆ ಗುರುತಿಲ್ಲ, ಒಂದು ‘ಎನ್’ ತುರುಕುತ್ತಾರೆ. ನಾವು ಅದನ್ನು ನಿಜವಾದ ‘ನ್’ ಎಂದು ನಂಬುತ್ತೇವೆ. ಭಗತ್ ಸಿಂಗ್ ಅವರ ಪೂರ್ವಜರ ಊರು ‘ಖಟ್ಕಡ್ ಕಲಾಁ’, ನಮ್ಮ ಬಾಯಲ್ಲಿ ‘ಕಲಾನ್’. ಪಕ್ಕದ ಪಟ್ಟಣ ‘ನವಾಁಶಹರ್’, ಹೊಸ ಊರು ಎಂದು ಅರ್ಥ. ಅದು ‘ನವಾನ್‌ಶಹರ್’ ಆಗಿಬಿಟ್ಟಿದೆ.

ಎಲ್ಲಕ್ಕಿಂತ ದೊಡ್ಡ ಉದಾಹರಣೆ ನಮ್ಮ ಇತಿಹಾಸದ ಪುಸ್ತಕದಲ್ಲೇ ಇದೆ. 1919ರ ಏಪ್ರಿಲ್ 13ರ ಹತ್ಯಾಕಾಂಡ ನಡೆದ ಜಾಗವನ್ನು ನಾವೆಲ್ಲ ‘ಜಲಿಯನ್ ವಾಲಾಬಾಗ್’ ಎಂದು ಬಾಯಿಪಾಠ ಮಾಡಿದ್ದೇವೆ. ಗುರುಮುಖಿಯಲ್ಲಿ ಅಲ್ಲಿ ‘ನ’ ಅಕ್ಷರವೇ ಇಲ್ಲ! ‘ಆ’ ಮೇಲೆ ಒಂದು ಬಿಂದಿ, ಅಷ್ಟೆ. ‘ಜಲ್ಲಿಆಁವಾಲಾ ಬಾಗ್’ ಎಂದು ಒಂದೇ ಉಸಿರಿನಲ್ಲಿ ಹೇಳಿ ನೋಡಿ, ಎಷ್ಟು ಸಲೀಸಾಗಿ ಬರುತ್ತದೆ. ಪಂಜಾಬಿನಲ್ಲಿ ಬಸ್ಸು ಹತ್ತಿದಾಗ ಗುರುಮುಖಿ ಬೋರ್ಡನ್ನೇ ಓದಿ. ಜಲಂಧರ್, ಸಂಗ್ರೂರ್, ಬಠಿಂಡಾ, ಚಂಡೀಗಢ ಎಲ್ಲದರಲ್ಲೂ ಟಿಪ್ಪಿ ಕಾಣುತ್ತದೆ.

ಪ್ರಶ್ನೆ: ನಾನು ಬೀದರಿನವಳು. ನಾನಕ್ ಝೀರಾ ಗುರುದ್ವಾರದಲ್ಲಿ ಪಾಠ ಕೇಳುತ್ತಾ ಪುಸ್ತಕ ನೋಡುತ್ತೇನೆ. ಓದುವವರು ಮೂಗಿನಲ್ಲಿ ಹೇಳುವ ಕಡೆ ಪುಸ್ತಕದಲ್ಲಿ ಬಿಂದಿ ಇರುವುದಿಲ್ಲ. ಯಾಕೆ?

ಚೆನ್ನಾಗಿ ಗಮನಿಸಿದ್ದೀರಿ. 1699ರ ಪಂಜ್ ಪ್ಯಾರೇಗಳಲ್ಲಿ, ಅಂದರೆ ಗುರು ಗೋಬಿಂದ್ ಸಿಂಘ್ ಅವರಿಂದ ದೀಕ್ಷೆ ಪಡೆದ ಮೊದಲ ಐವರಲ್ಲಿ, ಒಬ್ಬರಾದ ಭಾಈ ಸಾಹಿಬ್ ಸಿಂಘ್ ನಿಮ್ಮ ಊರಿನವರು, ಹಾಗಾಗಿ ಈ ಪ್ರಶ್ನೆ ಬೀದರಿನಿಂದ ಬಂದದ್ದು ನನಗೆ ಇನ್ನೂ ಖುಷಿ. ಸಿಖ್ಖರ ಧರ್ಮಗ್ರಂಥ ಗುರು ಗ್ರಂಥ ಸಾಹಿಬ್‌ನ ಬರವಣಿಗೆ ಇಂದಿನ ಶಾಲೆಯ ಪಂಜಾಬಿಗಿಂತ ಹಳೆಯದು, ಮೊದಲ ಸಂಕಲನ ಆದದ್ದು 1604ರಲ್ಲಿ. ಅದರಲ್ಲಿ ಬಿಂದಿ ಇರುವ ಕಡೆಗಿಂತ ಇಲ್ಲದ ಕಡೆ ಜಾಸ್ತಿ. ಎಲ್ಲಿ ಮೂಗು ಬೇಕು ಎನ್ನುವುದನ್ನು ಗುರುವಿನ ಎದುರು ಕೂತು, ಬಾಯಿಂದ ಬಾಯಿಗೆ ಕಲಿಯುತ್ತಾರೆ. ಅದಕ್ಕೆ ‘ಸಂಥಿಆ’ ಎನ್ನುವುದು. ಬರೆಯದ ಬಿಂದಿಯನ್ನು ಓದುವಾಗ ಸೇರಿಸಬೇಕೋ ಬೇಡವೋ ಎಂದು ಓದುವವರಲ್ಲೇ ಭಿನ್ನಾಭಿಪ್ರಾಯ ಇದೆ, ಅದರಲ್ಲಿ ನಾವು ತಲೆ ಹಾಕುವುದು ಬೇಡ. ನಿಮಗೆ ಹೇಳಿಕೊಡುವವರು ಹೇಗೆ ಓದುತ್ತಾರೋ ಹಾಗೆ ಓದಿ.

ಪ್ರಶ್ನೆ: ಕುಮಟಾದಿಂದ ಬರೆಯುತ್ತಿದ್ದೇನೆ. ನಮ್ಮ ಮನೆಮಾತು ಕೊಂಕಣಿ. ಈ ಸ್ವರ ನಮ್ಮಲ್ಲೂ ಇದೆಯಲ್ಲ?

ಇದೆ. ‘ನಾನು’ ಎನ್ನಲು ನೀವು ಹೇಳುವ ‘ಹಾಁವ್’ ಪದದಲ್ಲಿ ಇರುವುದು ಅದೇ. ನೀವು ಈ ಪುಟವನ್ನು ಓದಬೇಕಾಗಿಯೇ ಇರಲಿಲ್ಲ, ಹಾಸನದವರಿಗೆ ಪಾಠ ಹೇಳಬಹುದು.

ಪ್ರಶ್ನೆ: ಪಾಕಿಸ್ತಾನದ ಕಡೆ ಪಂಜಾಬಿಯನ್ನು ಉರ್ದು ಥರದ ಲಿಪಿಯಲ್ಲಿ ಬರೆಯುತ್ತಾರಂತೆ. ಅಲ್ಲಿ ಬಿಂದಿ ಹೇಗೆ?

ಆ ಲಿಪಿಗೆ ಶಾಹಮುಖಿ ಎಂದು ಹೆಸರು. ತಮಾಷೆ ಏನೆಂದರೆ ಅಲ್ಲಿ ಎಲ್ಲ ಉಲ್ಟಾ. ಗುರುಮುಖಿಯಲ್ಲಿ ಚುಕ್ಕಿ ಇಟ್ಟರೆ ಮೂಗಿನ ಸ್ವರ. ಶಾಹಮುಖಿಯಲ್ಲಿ ಪದದ ಕೊನೆಯ ‘ನೂನ್’ (ನ) ಅಕ್ಷರದ ಚುಕ್ಕಿ ತೆಗೆದರೆ ಮೂಗಿನ ಸ್ವರ. ಅದನ್ನು ‘ನೂನ್ ಗುನ್ನಾ’ ಅನ್ನುತ್ತಾರೆ.

ಪ್ರಶ್ನೆ: ಇಷ್ಟೆಲ್ಲ ತಲೆ ಕೆಡಿಸಿಕೊಳ್ಳಬೇಕಾ ಸಾರ್? ಬಿಟ್ಟು ಮಾತಾಡಿದರೆ ಏನಾಗುತ್ತೆ?

ಕೆಲವು ಕಡೆ ಏನೂ ಆಗುವುದಿಲ್ಲ. ‘ತುಸೀಁ’, ಅಂದರೆ ನೀವು. ಅದನ್ನು ‘ತುಸೀ’ ಅಂದರೂ ಯಾರೂ ತಿರುಗಿ ನೋಡುವುದಿಲ್ಲ. ಆದರೆ ‘ಗಾ’ ಅಂದರೆ ಹಾಡು, ‘ಗಾಁ’ ಅಂದರೆ ಹಸು. ‘ನಾ’ ಅಂದರೆ ಬೇಡ, ‘ನಾಁ’ ಅಂದರೆ ಹೆಸರು.

ಇನ್ನೂ ಮುಖ್ಯವಾದದ್ದು ವ್ಯಾಕರಣ. ನಾವು ‘ಗಳು’, ‘ಇಂದ’ ಎಂದು ಪ್ರತ್ಯಯ ಹಚ್ಚುವ ಕೆಲಸವನ್ನು ಅವರು ಎಷ್ಟೋ ಸಲ ಮೂಗಿಗೆ ಒಪ್ಪಿಸಿದ್ದಾರೆ. ಕಿತಾಬ್ ಒಂದು ಪುಸ್ತಕ, ‘ಕಿತಾಬಾಁ’ ಪುಸ್ತಕಗಳು. ಪಿಂಡ್ ಹಳ್ಳಿ, ‘ಪಿಂಡೋಁ’ ಹಳ್ಳಿಯಿಂದ. ‘ಮುಂಡೇ ನೂಁ’ ಅಂದರೆ ಹುಡುಗನಿಗೆ, ‘ಮುಂಡಿಆಁ ನೂಁ’ ಅಂದರೆ ಹುಡುಗರಿಗೆ. ಮೂಗು ಬಿಟ್ಟರೆ ಪ್ರತ್ಯಯ ನುಂಗಿದ ಹಾಗೆ, ‘ನಾನು ಹಳ್ಳಿ ಬಂದೆ’ ಅಂದ ಹಾಗೆ ಕೇಳಿಸುತ್ತದೆ.

ಅಭ್ಯಾಸಕ್ಕೆ ಢಾಬಾಗಿಂತ ಒಳ್ಳೆಯ ಜಾಗ ಇಲ್ಲ. ರೋಟಿ ಒಂದಾದರೆ ‘ರೋಟೀ’, ಎರಡಾದರೆ ‘ದೋ ರೋಟೀಆಁ’. ತುಟಿ ಮುಚ್ಚಬೇಡಿ, ಕೊನೆಯ ‘ಆಁ’ ಅನ್ನು ಅಜ್ಜಿಯ ಹಾಗೆ ಬಿಡಿ. ಮೇಲೆ ಬೆಣ್ಣೆ ಬೇಕಾ ಎಂದು ಕೇಳುತ್ತಾರೆ, ಅದಕ್ಕೂ ‘ಹಾಁ’ ಅನ್ನಿ.