72 ವರ್ಷದ ಗೋಪ್ಯತೆ ಮತ್ತು ಹಳೆಯ ಗಣತಿ ಹಾಳೆಗಳು

ಪ್ರಶ್ನೆ: ಜನಗಣತಿಯಲ್ಲಿ ಕೊಟ್ಟ ಮಾಹಿತಿ ಗೋಪ್ಯವೆಂದು ಕಾನೂನೇ ಹೇಳುತ್ತದೆ. ಆದರೂ ಅಮೆರಿಕದಲ್ಲಿ 1950ರ ಗಣತಿಯ ಹಾಳೆಗಳನ್ನು ಹೆಸರು, ವಯಸ್ಸು, ವಿಳಾಸಗಳ ಸಮೇತ ಯಾರು ಬೇಕಾದರೂ ನೋಡಬಹುದಂತೆ. ಇದು ಕೊಟ್ಟ ಮಾತಿಗೆ ತಪ್ಪಿದಂತಲ್ಲವೇ? ನಮ್ಮ ದೇಶದಲ್ಲೂ ಹೀಗೆ ನೋಡಲು ಅವಕಾಶವಿದೆಯೇ?

ಉತ್ತರ: ನಿಮ್ಮ ಸಂದೇಹದಲ್ಲಿ ಹುರುಳಿದೆ. ಅಮೆರಿಕದ ಗಣತಿ ಇಲಾಖೆಯ ನಿರ್ದೇಶಕರೂ ರಾಷ್ಟ್ರೀಯ ಪತ್ರಾಗಾರದ ಮುಖ್ಯಸ್ಥರೂ ಪತ್ರ ಬರೆದುಕೊಂಡು, ವ್ಯಕ್ತಿಗಳ ವಿವರವಿರುವ ಹಾಳೆಗಳನ್ನು ಗಣತಿಯಾದ 72 ವರ್ಷಗಳ ಬಳಿಕ ತೆರೆಯಬಹುದೆಂದು ಒಪ್ಪಿಕೊಂಡದ್ದು 1952ರಲ್ಲಿ. ಅದಕ್ಕೆ ಕಾನೂನಿನ ಬಲ ಬಂದದ್ದು 1978ರಲ್ಲಿ. ಅಂದರೆ 1950ರಲ್ಲಿ ಗಣತಿದಾರನಿಗೆ ಬಾಗಿಲು ತೆರೆದು ಉತ್ತರ ಕೊಟ್ಟವರಿಗೆ ಈ ಗಡುವಿನ ಸುಳಿವೇ ಇರಲಿಲ್ಲ. ಆ ಹಾಳೆಗಳು 2022ರ ಏಪ್ರಿಲ್ 1ರಂದು ಬಹಿರಂಗವಾದವು. 72 ಎಂಬ ಅಂಕಿ ಸರಾಸರಿ ಆಯುಸ್ಸನ್ನು ಆಧರಿಸಿದ್ದೆಂದು ಹೇಳುವುದುಂಟು. ಆದರೆ 1950ರಲ್ಲಿ ತೊಟ್ಟಿಲಲ್ಲಿದ್ದ ಮಗುವಿಗೆ 2022ರಲ್ಲಿ 72 ತುಂಬಿರುತ್ತದೆಯಷ್ಟೆ. ಬದುಕಿರುವ ಎಷ್ಟೋ ಜನರ ವಿವರವೂ ಅಂದು ಹೊರಬಿತ್ತು. ಹಾಗಾಗಿ ಈ ಗಡುವನ್ನು ಒಂದು ಶಾಸ್ತ್ರೀಯ ಗಡಿಯೆನ್ನುವುದಕ್ಕಿಂತ, ಇತಿಹಾಸಕಾರರ ಆಸೆಗೂ ನಾಗರಿಕರ ಅಂಜಿಕೆಗೂ ನಡುವೆ ಆದ ರಾಜಿಯೆನ್ನುವುದೇ ಸರಿ.

ಕೆನಡಾದಲ್ಲಿ ಇದೇ ತಕರಾರು ವರ್ಷಗಟ್ಟಲೆ ನಡೆಯಿತು. 1906ರಿಂದ ಅಲ್ಲಿನ ಗಣತಿದಾರರಿಗೆ ಕೊಟ್ಟ ಸೂಚನೆಗಳು ಗೋಪ್ಯತೆಯನ್ನು ಕಡ್ಡಾಯ ಮಾಡಿದ್ದವು. ಆ ಗೋಪ್ಯತೆ ಶಾಶ್ವತವೇ ಎಂಬ ಚರ್ಚೆಗೆ ಕೊನೆಗೆ 2005ರಲ್ಲಿ ಸಂಸತ್ತೇ 92 ವರ್ಷದ ಗಡುವು ಹಾಕಿ ತೆರೆ ಎಳೆಯಬೇಕಾಯಿತು. ಬ್ರಿಟನ್‌ನಲ್ಲಿ 100 ವರ್ಷದ ರೂಢಿಯಿದೆ. ಆದರೆ 1911ರ ಗಣತಿ 1920ರ ಗಣತಿ ಕಾಯ್ದೆಗೆ ಮುಂಚಿನದಾದ್ದರಿಂದ, ಮಾಹಿತಿ ಹಕ್ಕಿನಡಿ ಬಂದ ಅರ್ಜಿಯೊಂದರ ಫಲವಾಗಿ ಅದು ಅವಧಿಗೆ ಮೊದಲೇ, 2009ರಲ್ಲಿ, ತೆರೆದುಕೊಂಡಿತು. ಆಗಲೂ ಅಂಗವೈಕಲ್ಯ, ಮನೋವ್ಯಾಧಿಗಳನ್ನು ನಮೂದಿಸಿದ ಕಾಲಮನ್ನು 2012ರವರೆಗೆ ಮುಚ್ಚಿಟ್ಟರು. ಇಡೀ ಹಾಳೆಗೆ ಬೀಗ ಹಾಕದೆ ನೋವು ತರಬಹುದಾದ ಒಂದು ಕಾಲಮನ್ನು ಮಾತ್ರ ತಡೆಹಿಡಿದ ಈ ಕ್ರಮ ನನಗೆ ಹೆಚ್ಚು ವಿವೇಕದ್ದೆನಿಸುತ್ತದೆ.

ಇಷ್ಟೆಲ್ಲ ವಾದ ನಡೆಯುವುದು ಹಾಳೆ ಉಳಿದಿದ್ದರೆ ತಾನೇ? ಇಂಗ್ಲೆಂಡ್ ಮತ್ತು ವೇಲ್ಸ್‌ನ 1931ರ ಹಾಳೆಗಳು 1942ರ ಡಿಸೆಂಬರಿನಲ್ಲಿ ಉಗ್ರಾಣಕ್ಕೆ ಬಿದ್ದ ಬೆಂಕಿಯಲ್ಲಿ ಸುಟ್ಟುಹೋದವು. 1941ರಲ್ಲಿ ಯುದ್ಧದ ಕಾರಣ ಗಣತಿಯೇ ನಡೆಯಲಿಲ್ಲ. ಹೀಗಾಗಿ 2022ರಲ್ಲಿ ತೆರೆದ 1921ರ ಹಾಳೆಗಳ ನಂತರ ಅಲ್ಲಿನವರು 1951ರ ಹಾಳೆಗಳಿಗಾಗಿ 2052ರವರೆಗೆ ಕಾಯಬೇಕು.

ನಮ್ಮ ವಿಷಯಕ್ಕೆ ಬಂದರೆ, 1948ರ ಜನಗಣತಿ ಕಾಯ್ದೆಯ 15ನೇ ಕಲಮು ಗಣತಿ ಅಧಿಕಾರಿಯ ದಾಖಲೆಗಳನ್ನು ಪರಿಶೀಲಿಸುವ ಹಕ್ಕು ಯಾರಿಗೂ ಇಲ್ಲವೆನ್ನುತ್ತದೆ. ಅವುಗಳ ನಮೂದುಗಳನ್ನು ಸಿವಿಲ್ ವ್ಯಾಜ್ಯಗಳಲ್ಲಿ ಸಾಕ್ಷ್ಯವಾಗಿಯೂ ಬಳಸುವಂತಿಲ್ಲ. ಇಷ್ಟು ವರ್ಷವಾದ ಮೇಲೆ ತೆರೆಯಬೇಕೆಂಬ ಮಾತು ಆ ಕಲಮಿನಲ್ಲಿ ಇಲ್ಲವೇ ಇಲ್ಲ. ಮೈಸೂರು ಸಂಸ್ಥಾನದ ಕಾಲದಲ್ಲಿ ಖಾನೇಷುಮಾರಿಯೆಂದು ಕರೆಯುತ್ತಿದ್ದ ಗಣತಿಯ ಮುದ್ರಿತ ವರದಿಗಳನ್ನೂ ಸ್ವಾತಂತ್ರ್ಯಾನಂತರದ ಜಿಲ್ಲಾ ಗಣತಿ ಕೈಪಿಡಿಗಳನ್ನೂ ನೀವು ಧಾರಾಳವಾಗಿ ನೋಡಬಹುದು. ಆದರೆ ಅವುಗಳಲ್ಲಿ ಸಿಗುವುದು ಜನಸಂಖ್ಯೆಯ ಲೆಕ್ಕವೇ ಹೊರತು ಮನೆಮಂದಿಯ ಹೆಸರುಗಳಲ್ಲ.

ಪ್ರಶ್ನೆ: 1970ರಲ್ಲಿ ನಮ್ಮ ತಂದೆ ಅಮೆರಿಕದಲ್ಲಿದ್ದರು. ಈಗ ಅವರಿಲ್ಲ. ಆ ವರ್ಷದ ಗಣತಿಯಲ್ಲಿ ಅವರ ಬಗ್ಗೆ ಬರೆದಿರುವುದನ್ನು ಪಡೆಯಲು 2042ರವರೆಗೆ ಕಾಯಲೇಬೇಕೇ?

ಉತ್ತರ: ಕಾಯಬೇಕಾಗಿಲ್ಲ. 72 ವರ್ಷದ ನಿರ್ಬಂಧವಿರುವುದು ಹೊರಗಿನವರಿಗೆ. ದಾಖಲಾದ ವ್ಯಕ್ತಿ ತನ್ನ ನಮೂದಿನ ಪ್ರತಿಯನ್ನು ಗಣತಿ ಇಲಾಖೆಯಿಂದ ಶುಲ್ಕ ಕಟ್ಟಿ ಪಡೆಯಬಹುದು. ಅವರು ತೀರಿಕೊಂಡಿದ್ದರೆ ಮಕ್ಕಳು ಮರಣ ಪ್ರಮಾಣಪತ್ರದೊಂದಿಗೆ ಅರ್ಜಿ ಸಲ್ಲಿಸಬಹುದು. ಅವರು ಆಗ ವಾಸವಿದ್ದ ವಿಳಾಸವನ್ನು ಮೊದಲೇ ಹುಡುಕಿಟ್ಟುಕೊಳ್ಳಿ. ಹಾಳೆಗಳನ್ನು ಹುಡುಕುವುದು ವಿಳಾಸದ ಆಧಾರದ ಮೇಲೆಯೇ.