ಆಟಕ್ಕಿರುವ ಗಮನ ಓದಿಗೆ ಯಾಕಿಲ್ಲ?

ಪ್ರಶ್ನೆ: ಮಗನಿಗೆ 9 ವರ್ಷ. ಎಡಿಎಚ್‌ಡಿ (ಗಮನ ಹಿಡಿದಿಡೋಕೆ, ತಡೆದುಕೊಳ್ಳೋಕೆ ಕಷ್ಟ ಆಗುವ ಸ್ಥಿತಿ) ಜೊತೆ ಡಿಸ್ಲೆಕ್ಸಿಯಾ (ಅಕ್ಷರ ಗುರುತಿಸಿ ಓದೋಕೆ ಕಷ್ಟ ಆಗುವ ತೊಂದರೆ) ಕೂಡ ಇದೆ ಅಂತ ಕಳೆದ ವರ್ಷ ಗೊತ್ತಾಯಿತು. ಹೋಮ್‌ವರ್ಕ್ ಅಂದರೆ ದಿನಾ ಅಳು, ಕೂಗಾಟ. "ಬ್ಲಾಕ್ ಜೋಡಿಸ್ತಾ ಎರಡು ಗಂಟೆ ಕೂರ್ತಾನೆ, ಓದೋಕೆ ಐದು ನಿಮಿಷ ಆಗಲ್ವಾ? ಬರೀ ಸೋಮಾರಿತನ" ಅಂತಾರೆ ನನ್ನ ಗಂಡ. ಮೊನ್ನೆ ನಾನೇ ತಾಳ್ಮೆ ಕಳೆದುಕೊಂಡು ಅವನ ನೋಟ್‌ಬುಕ್ ಹಾಳೆ ಹರಿದುಬಿಟ್ಟೆ. ರಾತ್ರಿ "ಅಮ್ಮಾ, ನನ್ನ ತಲೆ ಕೆಟ್ಟಿದೆಯಾ?" ಅಂತ ಕೇಳಿದ. ಇನ್ನೂ ಬಿಗಿ ಮಾಡಬೇಕಾ, ಸುಮ್ನೆ ಬಿಟ್ಟುಬಿಡಬೇಕಾ?

ಉತ್ತರ: ನಿಮ್ಮ ಯಜಮಾನರು ಕೇಳಿದ್ದು ಒಳ್ಳೆಯ ಪ್ರಶ್ನೆಯೇ. ಆದರೆ ಅದಕ್ಕೆ ಸೋಮಾರಿತನ ಉತ್ತರವಲ್ಲ. ಒಂದು ಬ್ಲಾಕ್ ಸರಿಯಾಗಿ ಜೋಡಿಸಿದ ತಕ್ಷಣ ಖುಷಿ ಸಿಗುತ್ತದೆ. ಎಡಿಎಚ್‌ಡಿ ಇರುವ ಮಿದುಳನ್ನು ಹಿಡಿದು ಕೂರಿಸುವುದು ಈ ಕೂಡಲೇ ಸಿಗುವ ಖುಷಿ. ಫಲ ದೂರದಲ್ಲಿರುವ, ಬೇಸರದ ಕೆಲಸಕ್ಕೆ ಗಮನವನ್ನು ಎಳೆದು ತರುವುದೇ ಅವನಿಗೆ ಕಷ್ಟ. ಅದರ ಮೇಲೆ ಡಿಸ್ಲೆಕ್ಸಿಯಾ. ಒಂದೊಂದು ಅಕ್ಷರಕ್ಕೂ ಅದರ ದನಿ ಹುಡುಕಿ ಜೋಡಿಸುವಷ್ಟರಲ್ಲೇ ಸುಸ್ತು. ಅರ್ಥದ ಮಾತು ಆಮೇಲೆ.

2007ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯ ಸಂಶೋಧಕರು ಮಕ್ಕಳು ಬೆಳೆಯುವಾಗ ಮಿದುಳಿನ ಹೊರಪದರ ತನ್ನ ಗರಿಷ್ಠ ದಪ್ಪ ತಲುಪುವುದು ಯಾವಾಗ ಅಂತ ನೋಡಿದರು. ಬೇರೆ ಮಕ್ಕಳಲ್ಲಿ ಸುಮಾರು 7.5 ವರ್ಷಕ್ಕೆ ಬಂದ ಆ ಘಟ್ಟ, ಎಡಿಎಚ್‌ಡಿ ಇದ್ದವರಲ್ಲಿ ಸುಮಾರು 10.5ಕ್ಕೆ ಬಂತು. ಬೆಳೆಯುವ ಕ್ರಮ ಹೆಚ್ಚುಕಮ್ಮಿ ಅದೇ, ತಲುಪುವುದು ತಡ. ಜಾಸ್ತಿ ತಡ ಆಗಿದ್ದು ಮುಂಭಾಗದಲ್ಲಿ. ತಡೆದುಕೊಳ್ಳುವುದು, ಯೋಚಿಸಿ ಮಾಡುವುದು, ಹೇಳಿದ್ದನ್ನು ನೆನಪಲ್ಲಿ ಹಿಡಿದುಕೊಳ್ಳುವುದು ಎಲ್ಲಕ್ಕೂ ಬೇಕಾಗುವ ಭಾಗ ಅದು.

ನೀವು "ಬಟ್ಟೆ ಬದಲಾಯಿಸು, ಬ್ಯಾಗ್ ತಾ, ಗಣಿತ ಶುರು ಮಾಡು" ಅಂತ ಒಂದೇ ಉಸಿರಲ್ಲಿ ಹೇಳುತ್ತೀರಿ. ಹತ್ತು ನಿಮಿಷ ಬಿಟ್ಟು ನೋಡಿದರೆ, ಒಂದು ಕಾಲಿನ ಸಾಕ್ಸ್ ಬಿಚ್ಚಿ ಕೈಯಲ್ಲಿ ಹಿಡಿದು ಕೂತಿರುತ್ತಾನೆ, ಅಲ್ವಾ? ಅದು ಹಟ ಅಲ್ಲ. ಮಿಕ್ಕ ಎರಡು ಮಾತು ತಲೆಯಲ್ಲಿ ನಿಲ್ಲಲೇ ಇಲ್ಲ. ಆಗ ಕೂಗಿದರೆ ಇನ್ನೂ ಕೆಡುತ್ತದೆ. ಯಾರಿಗೇ ಆಗಲಿ, ಗಾಬರಿಯಾದಾಗ ಮಿದುಳಿನ ಆ ಮುಂಭಾಗವೇ ಮೊದಲು ಸೋಲುವುದು.

ಹಾಗಾಗಿ ಬಿಗಿಯೂ ಬೇಡ, ಕೈಬಿಡುವುದೂ ಬೇಡ. ಒಂದು ಸಲಕ್ಕೆ ಒಂದೇ ಮಾತು ಹೇಳಿ. ಉಳಿದಿದ್ದನ್ನು ಕಣ್ಣಿಗೆ ಕಾಣುವ ಕಡೆ ಬರೆದಿಡಿ. ಪಕ್ಕದಲ್ಲಿ ಕೂರಿ, ಹತ್ತು ನಿಮಿಷಕ್ಕೊಮ್ಮೆ ಎದ್ದು ಓಡಾಡಲಿ. ಕಾಲು ಕುಣಿಸಿದರೆ ಕುಣಿಸಲಿ ಬಿಡಿ. ವಿಜ್ಞಾನದ ಪ್ರಶ್ನೆಯನ್ನು ನೀವು ಓದಿ, ಅವನು ಬಾಯಲ್ಲಿ ಉತ್ತರ ಹೇಳಲಿ. ಅಲ್ಲಿ ಬೇಕಿರುವುದು ವಿಜ್ಞಾನ, ಓದುವ ವೇಗ ಅಲ್ಲ. ಓದಿನ ಅಭ್ಯಾಸ ಬೇರೆಯಾಗಿಯೇ ನಡೆಯಲಿ. ಅಕ್ಷರ-ದನಿಯ ನಂಟನ್ನು ಕ್ರಮವಾಗಿ ಕಲಿಸುವ ವಿಶೇಷ ಶಿಕ್ಷಕರ ಹತ್ತಿರ, ದಿನಾ ಸ್ವಲ್ಪ ಸ್ವಲ್ಪ. ಹತ್ತು ಲೆಕ್ಕದ ಬದಲು ಐದು ಕೊಡಿ ಅಂತ ಟೀಚರ್‌ನ ಕೇಳೋಕೆ ಸಂಕೋಚ ಬೇಡ.

ಇನ್ನು ನಿಮ್ಮ ಯಜಮಾನರು. ಒಂದು ದಿನ ಸಮಾಧಾನವಾಗಿರುವಾಗ ಅವರ ಸ್ಕೂಲಿನ ದಿನಗಳು ಹೇಗಿದ್ದವು ಅಂತ ಕೇಳಿ. ಚುಚ್ಚೋಕಲ್ಲ, ನಿಜವಾಗಿ ತಿಳಿಯೋಕೆ. ಎಡಿಎಚ್‌ಡಿ ಬಹುಪಾಲು ವಂಶದಿಂದ ಬರುವಂಥದ್ದು. ಎಷ್ಟೋ ಅಪ್ಪ-ಅಮ್ಮಂದಿರಿಗೆ ಮಗುವಿನದು ಗೊತ್ತಾದ ಮೇಲೇ ತಮ್ಮದೂ ಗೊತ್ತಾಗುತ್ತದೆ. ಅವರೂ ಸೋಮಾರಿ ಅನ್ನಿಸಿಕೊಂಡೇ ಬೆಳೆದಿರಬಹುದು.

ಇವೆಲ್ಲಕ್ಕೂ ಮೊದಲು, ಮಗ ಕೇಳಿದ್ದಕ್ಕೆ ಇವತ್ತೇ ಉತ್ತರ ಕೊಡಿ. "ನಿನ್ನ ತಲೆ ಕೆಟ್ಟಿಲ್ಲ ಕಂದಾ. ಓದೋದು ನಿನಗೆ ನಿಜಕ್ಕೂ ಕಷ್ಟ, ಅದು ನನಗೆ ಅರ್ಥ ಆಗಿರಲಿಲ್ಲ. ಹಾಳೆ ಹರಿದಿದ್ದು ನನ್ನ ತಪ್ಪು."